ಯಾವ ಕಾರ್ಖಾನೆ, ಯಾವ ರಾಸಾಯನಿಕ, ಎಷ್ಟು ಕೆಜಿ: ಮಾಲಿನ್ಯದ ಲೆಕ್ಕ ಎಲ್ಲರಿಗೂ ಕಾಣಬೇಕು ಅಲ್ವಾ?

ತೆರೆದ ಲೆಕ್ಕ:
ಗಾಳಿಯ ಗುಣಮಟ್ಟ ಎಷ್ಟು ಅಂತ ಈಗ ಫೋನಿನಲ್ಲೇ ನೋಡಬಹುದು. ಸಂಖ್ಯೆ ಕೆಂಪಾದರೆ ಮಾಸ್ಕ್ ಹಾಕಿಕೊಳ್ಳುತ್ತೇವೆ, ಕಿಟಕಿ ಮುಚ್ಚುತ್ತೇವೆ. ಆದರೆ ಆ ಕೊಳೆ ಯಾರ ಚಿಮಣಿಯಿಂದ ಬಂತು ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ. ಎಲ್ಲರ ಹೊಗೆಯೂ ಸೇರಿ ಒಂದು ಸರಾಸರಿ ಆಗುತ್ತದೆ. ಸರಾಸರಿಗೆ ಮಾಲೀಕರಿಲ್ಲ. ಹಾಗಾಗಿ ಯಾರನ್ನೂ ಪ್ರಶ್ನೆ ಕೇಳುವ ಹಾಗಿಲ್ಲ.

ನಾನು ಕೇಳುತ್ತಿರುವುದು ಬೇರೆ ಥರದ ದಾಖಲೆ. ಒಂದೊಂದು ಕಾರ್ಖಾನೆಯ ಹೆಸರು, ಅದು ಬಿಟ್ಟ ಒಂದೊಂದು ರಾಸಾಯನಿಕದ ಹೆಸರು, ವರ್ಷಕ್ಕೆ ಎಷ್ಟು ಕೆಜಿ, ಗಾಳಿಗೆ ಎಷ್ಟು, ನೀರಿಗೆ ಎಷ್ಟು, ಮಣ್ಣಿಗೆ ಎಷ್ಟು, ಲಾರಿಯಲ್ಲಿ ಬೇರೆ ಕಡೆ ಕಳಿಸಿದ್ದು ಎಷ್ಟು. ಇಷ್ಟೂ ಅರ್ಜಿ ಹಾಕದೆ ಯಾರು ಬೇಕಾದರೂ ನೋಡುವ ಹಾಗೆ ಇರಬೇಕು.

ಇದು ಕನಸಲ್ಲ, ಹಲವು ದೇಶಗಳಲ್ಲಿ ನಡೆಯುತ್ತಿದೆ. ಇದರ ಹಿಂದೆ ಭೋಪಾಲ್ ಇದೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಅನಿಲ ಸೋರಿ ಸಾವಿರಾರು ಜನ ಸತ್ತರು. ಒಳಗೆ ಏನು ಶೇಖರಿಸಿದ್ದಾರೆ ಅನ್ನುವುದು ಸುತ್ತಲಿನ ಜನಕ್ಕೆ ಗೊತ್ತಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅದೇ ಕಂಪನಿಯ ಘಟಕದಿಂದ ಬೇರೊಂದು ಅನಿಲ ಸೋರಿ ನೂರಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದರು. ಅದರಿಂದಾಗಿ 1986ರಲ್ಲಿ ಅಮೆರಿಕದಲ್ಲಿ ತಿಳಿಯುವ ಹಕ್ಕಿನ ಕಾನೂನು ಬಂತು. ಕಾರ್ಖಾನೆಗಳು ಬಿಟ್ಟ ವಿಷದ ಲೆಕ್ಕಪಟ್ಟಿಯಾದ ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ, ಅಂದರೆ ಟಿಆರ್‌ಐ, ಆ ಕಾನೂನಿನಿಂದ ಹುಟ್ಟಿದ್ದು. 1987ರ ಲೆಕ್ಕ 1989ರಲ್ಲಿ ಜನರ ಕೈಗೆ ಸಿಕ್ಕಿತು. ಆಮೇಲೆ ಕೆನಡಾ, ಆಸ್ಟ್ರೇಲಿಯಾ, ಜಪಾನ್, ಯುರೋಪ್ ಎಲ್ಲವೂ ತಮ್ಮದೇ ರಿಜಿಸ್ಟರ್ ಮಾಡಿಕೊಂಡವು. 2003ರಲ್ಲಿ ಕೀವ್‌ನಲ್ಲಿ ಇಂಥ ರಿಜಿಸ್ಟರ್ ಬಗ್ಗೆ ಅಂತಾರಾಷ್ಟ್ರೀಯ ಒಪ್ಪಂದವಾಯಿತು, 2009ರಲ್ಲಿ ಜಾರಿಗೆ ಬಂತು. ಅದರಲ್ಲಿ 86 ಮಾಲಿನ್ಯಕಾರಕಗಳ ಪಟ್ಟಿ ಇದೆ.

ನನ್ನ ಪ್ರಶ್ನೆ ಇಷ್ಟೇ. ಇಂಥ ದಾಖಲೆ ನಿಜಕ್ಕೂ ಕೆಲಸಕ್ಕೆ ಬರಬೇಕಾದರೆ ಅದರಲ್ಲಿ ಏನೇನು ಇರಲೇಬೇಕು? ಒಳಗಿನಿಂದ ನೋಡಿದವರು ದಯವಿಟ್ಟು ಬರೆಯಿರಿ.

ಪ್ರೊಸೆಸ್ ಎಂಜಿನಿಯರ್:
ರಾಸಾಯನಿಕ ಘಟಕದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಇಂಥ ಲೆಕ್ಕ ತುಂಬುವ ಕೆಲಸವೂ ನನ್ನದೇ ಆಗಿತ್ತು.

ಮೊದಲು ಒಂದು ಮಾತು. ಲೆಕ್ಕ ಹೊರಗೆ ಹೋಗುತ್ತದೆ ಅಂದ ಕೂಡಲೇ ಒಳಗಿನ ವಾತಾವರಣ ಬದಲಾಗುತ್ತದೆ. ಅದಕ್ಕೆ ಮುಂಚೆ ಹಿರಿಯ ಅಧಿಕಾರಿಗಳಿಗೇ ತಮ್ಮ ಘಟಕದಿಂದ ಒಟ್ಟು ಎಷ್ಟು ಹೋಗುತ್ತಿದೆ ಅಂತ ಗೊತ್ತಿರುವುದಿಲ್ಲ. ಖರೀದಿ ವಿಭಾಗದ ಹತ್ತಿರ ಒಂದು ಅಂಕಿ, ಉತ್ಪಾದನೆಯವರ ಹತ್ತಿರ ಇನ್ನೊಂದು, ಮಳೆನೀರಿನ ಚರಂಡಿ ಯಾರ ಲೆಕ್ಕದಲ್ಲೂ ಇಲ್ಲ. ಇವೆಲ್ಲ ಒಂದೇ ಹಾಳೆಯ ಮೇಲೆ ಬಂದಾಗ ಎಷ್ಟೋ ಜನ ಬೆಚ್ಚಿಬೀಳುತ್ತಾರೆ. ಗಾಳಿಗೆ ಹೋಗುವ ಪ್ರತಿ ಕೆಜಿಯೂ ದುಡ್ಡು ಕೊಟ್ಟು ತಂದ ಮಾಲು ತಾನೇ.

ಅಮೆರಿಕದ ಮೊದಲ ಲೆಕ್ಕ ಬರುವ ಹೊತ್ತಿಗೆ ಆಗಿದ್ದೂ ಇದೇ. ಮೊನ್ಸಾಂಟೊ ಕಂಪನಿಯ ಆಗಿನ ಮುಖ್ಯಸ್ಥ ರಿಚರ್ಡ್ ಮಹೋನಿ 1988ರಲ್ಲಿ, ಗಾಳಿಗೆ ಬಿಡುವ ವಿಷವನ್ನು 1992ರ ಕೊನೆಗೆ 90 ಶೇಕಡಾ ಇಳಿಸುತ್ತೇವೆ ಅಂತ ಬಹಿರಂಗವಾಗಿ ಘೋಷಿಸಿದರು. ಅಷ್ಟು ಇಳಿಸಿ ಅಂತ ಯಾವ ಕಾನೂನೂ ಹೇಳಿರಲಿಲ್ಲ. ಹೆಸರಿನ ಜೊತೆ ಸಂಖ್ಯೆ ಹೊರಗೆ ಬರುವುದಿತ್ತು, ಅಷ್ಟೇ.

ಹೊಸ ಓದುಗಿ:
ಸರ್, ಒಂದು ಸಂದೇಹ. ಈ ಕೆಜಿ ಲೆಕ್ಕ ಬರುವುದು ಹೇಗೆ? ಪ್ರತಿ ಚಿಮಣಿಗೂ ಮೀಟರ್ ಇರುತ್ತಾ?

ಪ್ರೊಸೆಸ್ ಎಂಜಿನಿಯರ್:
ಇರುವುದಿಲ್ಲ ಮೇಡಂ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಗಂಟು ಇಲ್ಲೇ ಇದೆ.

ದೊಡ್ಡ ಚಿಮಣಿಗಳಲ್ಲಿ ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್, ದೂಳು ಇವನ್ನು ಸತತವಾಗಿ ಅಳೆಯುವ ಯಂತ್ರ ಇರಬಹುದು. ಕೆಲವು ಕಡೆ ವರ್ಷಕ್ಕೆ ಒಂದೆರಡು ಸಲ ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಉಳಿದಿದ್ದು ಬಹುಪಾಲು ಲೆಕ್ಕಾಚಾರ.

ಒಂದು ಉದಾಹರಣೆ ನೋಡಿ. ಒಂದು ಘಟಕ ವರ್ಷಕ್ಕೆ 100 ಟನ್ ಟಾಲ್ಯೂಯೀನ್ (ಬೇಗ ಆವಿಯಾಗುವ ಒಂದು ದ್ರಾವಕ) ತರಿಸುತ್ತದೆ ಅಂದುಕೊಳ್ಳೋಣ. ಸರಕಿನ ಜೊತೆ 60 ಟನ್ ಹೋಯಿತು. ತ್ಯಾಜ್ಯದ ಡ್ರಮ್ಮುಗಳಲ್ಲಿ 32 ಟನ್ ಹೋಯಿತು. ಉಳಿದ 8 ಟನ್ ಎಲ್ಲಿ? ಆವಿಯಾಗಿ ಗಾಳಿಗೆ ಹೋಗಿದೆ ಅಂತ ಬರೆಯುತ್ತೇವೆ. ಒಳಗೆ ಬಂದದ್ದರಿಂದ ಹೊರಗೆ ಹೋದದ್ದನ್ನು ಕಳೆಯುವ ಲೆಕ್ಕ ಇದು. ವಿಧಾನ ತಪ್ಪಲ್ಲ. ಆದರೆ ಆ 100 ಟನ್ ತೂಗುವಾಗ ಬರೀ 2 ಶೇಕಡಾ ಆಚೀಚೆ ಆದರೆ ಸಾಕು, 8 ಅನ್ನುವುದು 6 ಆಗಬಹುದು, 10 ಆಗಬಹುದು. ತೂಕದಲ್ಲಿ ಚಿಕ್ಕ ತಪ್ಪು, ಉತ್ತರದಲ್ಲಿ ಕಾಲು ಭಾಗದ ವ್ಯತ್ಯಾಸ.

ಇನ್ನೊಂದು ದಾರಿ ಎಮಿಷನ್ ಫ್ಯಾಕ್ಟರ್. ಇಂತಿಷ್ಟು ಕಲ್ಲಿದ್ದಲು ಉರಿಸಿದರೆ ಸರಾಸರಿ ಇಂತಿಷ್ಟು ಬರುತ್ತದೆ ಅಂತ ಕೋಷ್ಟಕ ಇರುತ್ತದೆ. ಅಮೆರಿಕದ ಎಪಿ-42 ಕೋಷ್ಟಕ ತುಂಬಾ ಕಡೆ ಬಳಕೆಯಲ್ಲಿದೆ. ಅದರಲ್ಲೇ ಪ್ರತಿ ಅಂಕಿಗೂ ಎ ಇಂದ ಇ ವರೆಗೆ ದರ್ಜೆ ಕೊಟ್ಟಿದ್ದಾರೆ. ಇ ದರ್ಜೆ ಅಂದರೆ ಭರವಸೆ ಬಹಳ ಕಡಿಮೆ. ಆದರೆ ಕೊನೆಯ ಫಾರಂ ಸೇರುವಾಗ ಆ ದರ್ಜೆ ಬಿದ್ದುಹೋಗುತ್ತದೆ, ಸಂಖ್ಯೆ ಮಾತ್ರ ಉಳಿಯುತ್ತದೆ.

ಇನ್ನು ಸೋರಿಕೆ. ಒಂದು ರಿಫೈನರಿಯಲ್ಲಿ ವಾಲ್ವ್, ಫ್ಲಾಂಜ್, ಪಂಪ್ ಸೀಲ್ ಎಲ್ಲ ಸೇರಿ ಸಾವಿರಾರು ಜೋಡಣೆಗಳಿರುತ್ತವೆ. ಹೆಚ್ಚಿನವು ಚೆನ್ನಾಗೇ ಇರುತ್ತವೆ. ಕೆಲವೇ ಕೆಲವು ಜೋರಾಗಿ ಸೋರುತ್ತವೆ. ಸರಾಸರಿ ಲೆಕ್ಕ ಹಾಕಿದರೆ ಆ ಕೆಟ್ಟ ವಾಲ್ವ್ ಸಿಗುವುದೇ ಇಲ್ಲ. ಮೀಟರ್ ಹಿಡಿದು ಒಂದೊಂದರ ಹತ್ತಿರವೂ ಹೋಗಬೇಕು.

ಹಾಗಾಗಿ ನನ್ನ ಉತ್ತರ: ಸಂಖ್ಯೆಯ ಪಕ್ಕದಲ್ಲಿ ಅದು ಬಂದ ದಾರಿ ಬರೆದಿರಲೇಬೇಕು. ಅಳೆದದ್ದಾ, ಲೆಕ್ಕ ಹಾಕಿದ್ದಾ, ಅಂದಾಜಾ? ಯುರೋಪಿನ ರಿಜಿಸ್ಟರ್‌ನಲ್ಲಿ ಇದಕ್ಕೆ ಪ್ರತ್ಯೇಕ ಗುರುತು ಇದೆ. ಇದಿಲ್ಲದೆ ಎರಡು ಕಾರ್ಖಾನೆಗಳನ್ನು ಹೋಲಿಸುವುದು ಅನ್ಯಾಯ.

ನಡುದಾರಿ:
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಆಚೆ ಕಡೆಯದನ್ನೂ ಹೇಳುತ್ತೇನೆ. ಒಂದು ಕಾರ್ಖಾನೆ 50 ಟನ್ ಅಮೋನಿಯಾ ಬಿಟ್ಟಿತು ಅಂತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆ. ಇನ್ನೊಂದು ಅತಿ ಸಣ್ಣ ಪ್ರಮಾಣದಲ್ಲೂ ವಿಷವಾದ ಡೈಆಕ್ಸಿನ್ ಅನ್ನು ಕೆಲವೇ ಗ್ರಾಂ ಬಿಟ್ಟು ಪಟ್ಟಿಯ ತಳದಲ್ಲಿ ಸುಮ್ನೆ ಕೂತಿರುತ್ತದೆ. ಜನ ಯಾವುದರ ಗೇಟಿನ ಮುಂದೆ ನಿಲ್ಲುತ್ತಾರೆ? ಸಂಖ್ಯೆ ದೊಡ್ಡದು ಅಂತ ಅಮೋನಿಯಾದ ಹತ್ತಿರ. ಅರ್ಧ ಮಾಹಿತಿ ಭಯ ಹುಟ್ಟಿಸುತ್ತದೆ. ಜೊತೆಗೆ ಏನೇನು ಬಳಸುತ್ತೇವೆ ಅಂತ ಬರೆದರೆ ಉತ್ಪಾದನೆಯ ಗುಟ್ಟು ಪ್ರತಿಸ್ಪರ್ಧಿಗೆ ಗೊತ್ತಾಗುತ್ತದೆ. ಸಣ್ಣ ಘಟಕಗಳಿಗೆ ಇಷ್ಟೆಲ್ಲ ಫಾರಂ ತುಂಬಲು ಜನ ಎಲ್ಲಿದ್ದಾರೆ?

ತೆರೆದ ಲೆಕ್ಕ:
ನಡುದಾರಿ ಅವರೇ, ಡೈಆಕ್ಸಿನ್ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಟಿಆರ್‌ಐನಲ್ಲಿ ಡೈಆಕ್ಸಿನ್ ಅನ್ನು ಗ್ರಾಂನಲ್ಲೇ ಬರೆಯಬೇಕು, ಉಳಿದವು ಪೌಂಡ್‌ನಲ್ಲಿ. ವರದಿ ಮಾಡಬೇಕಾದ ಮಿತಿಯೂ ಒಂದೊಂದಕ್ಕೆ ಒಂದೊಂದು. ಸಾಮಾನ್ಯ ರಾಸಾಯನಿಕವನ್ನು ತಯಾರಿಸುವವರಿಗೆ 25,000 ಪೌಂಡ್, ಪಾದರಸಕ್ಕೆ ಬರೀ 10 ಪೌಂಡ್, ಡೈಆಕ್ಸಿನ್‌ಗೆ 0.1 ಗ್ರಾಂ.

ಗುಟ್ಟಿನ ಮಾತು ಮಾತ್ರ ಒಪ್ಪಲಾರೆ. ಇಲ್ಲಿ ಯಾರೂ ತಯಾರಿಕೆಯ ವಿಧಾನ ಕೇಳುತ್ತಿಲ್ಲ. ಗೇಟು ದಾಟಿ ಹೊರಗೆ ಬಂದದ್ದನ್ನು ಮಾತ್ರ ಕೇಳುತ್ತಿದ್ದೇವೆ. ನಮ್ಮ ಶ್ವಾಸಕೋಶಕ್ಕೆ ಬಂದ ಮೇಲೆ ಅದು ಕಂಪನಿಯ ಖಾಸಗಿ ವಿಷಯ ಹೇಗಾಗುತ್ತದೆ? ಅಮೆರಿಕದ ಕಾನೂನಿನಲ್ಲಿ ವ್ಯಾಪಾರದ ಗುಟ್ಟು ಅಂತ ಕಾರಣ ಕೊಟ್ಟು ರಾಸಾಯನಿಕದ ಹೆಸರು ಮುಚ್ಚಿಡಲು ಅವಕಾಶ ಇದೆ. ಅದನ್ನು ಬಳಸಿಕೊಂಡವರು ಬಹಳ ಕಡಿಮೆ.

ಅಂಕಿ ಮೇಷ್ಟ್ರು:
ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ, ಇಂಥ ಪಟ್ಟಿಗಳನ್ನು ವಿದ್ಯಾರ್ಥಿಗಳ ಜೊತೆ ಕೂತು ಓದುತ್ತೇನೆ. ನಡುದಾರಿ ಅವರು ಹೇಳಿದ ತೊಂದರೆಗೆ ಮದ್ದು ಇದೆ. ಪ್ರತಿ ರಾಸಾಯನಿಕಕ್ಕೂ ಅದರ ವಿಷದ ತೀವ್ರತೆಗೆ ತಕ್ಕ ತೂಕ ಕೊಟ್ಟು, ಕೆಜಿಯನ್ನು ಅದರಿಂದ ಗುಣಿಸಿ ನೋಡುವುದು. ಅಮೆರಿಕದ ಪರಿಸರ ಸಂಸ್ಥೆಯ ಆರ್‌ಎಸ್‌ಇಐ ಮಾದರಿ ಅದನ್ನೇ ಮಾಡುತ್ತದೆ, ಜೊತೆಗೆ ಸುತ್ತ ಎಷ್ಟು ಜನ ಇದ್ದಾರೆ ಅನ್ನುವುದನ್ನೂ ಸೇರಿಸುತ್ತದೆ. ಹಾಗೆ ಮಾಡಿದಾಗ ಪಟ್ಟಿ ತಲೆಕೆಳಗಾಗುವುದುಂಟು.

ಇಳಿಕೆಯನ್ನು ಓದುವಾಗ ಇನ್ನೂ ಹುಷಾರಾಗಿರಬೇಕು. ಬಿಡುಗಡೆ ಅರ್ಧಕ್ಕೆ ಇಳಿಯಿತು ಅಂತ ಕಂಡರೆ ನಾನು ಮೊದಲು ಉತ್ಪಾದನೆ ನೋಡುತ್ತೇನೆ. ಅದೂ ಅರ್ಧಕ್ಕೆ ಇಳಿದಿದ್ದರೆ ಏನೂ ಸುಧಾರಿಸಿಲ್ಲ. ಅಮೆರಿಕದ 1990ರ ಮಾಲಿನ್ಯ ತಡೆ ಕಾನೂನಿನ ನಂತರ ಟಿಆರ್‌ಐ ಫಾರಂನಲ್ಲಿ ಈ ವರ್ಷದ ಉತ್ಪಾದನೆ ಹೋದ ವರ್ಷದ ಎಷ್ಟು ಪಟ್ಟು ಅಂತಲೂ ಬರೆಯಬೇಕು. ಬಹಳ ಉಪಯೋಗದ ಕಾಲಂ ಅದು. ಆಮೇಲೆ ಬೇರೆ ಕಡೆ ಕಳಿಸಿದ್ದನ್ನು ನೋಡುತ್ತೇನೆ. ಗಾಳಿಗೆ ಹೋಗುತ್ತಿದ್ದದ್ದನ್ನು ಹಿಡಿದು ಡ್ರಮ್ಮಿಗೆ ತುಂಬಿ ಇನ್ನೊಂದು ಊರಿಗೆ ಸಾಗಿಸಿದರೆ ಗಾಳಿಯ ಕಾಲಂ ಚೊಕ್ಕವಾಗಿ ಕಾಣುತ್ತದೆ. ವಿಷ ಹಾಗೇ ಇದೆ, ವಿಳಾಸ ಬದಲಾಗಿದೆ. ಇಂಥ ರಿಜಿಸ್ಟರ್‌ಗಳ ಸಾಮಾನ್ಯ ಹೆಸರಿನಲ್ಲೇ (ಪೊಲ್ಯೂಟಂಟ್ ರಿಲೀಸ್ ಅಂಡ್ ಟ್ರಾನ್ಸ್‌ಫರ್ ರಿಜಿಸ್ಟರ್) ಬಿಡುಗಡೆಯ ಜೊತೆ ವರ್ಗಾವಣೆ ಅನ್ನುವುದೂ ಇರುವುದು ಇದಕ್ಕೇ.

ನಿಯಮ ಬದಲಾದರೂ ಅಂಕಿ ಇಳಿಯುತ್ತದೆ. 2006ರಲ್ಲಿ ಅಮೆರಿಕದಲ್ಲಿ ಪೂರ್ತಿ ಫಾರಂ ತುಂಬಬೇಕಾದ ಮಿತಿಯನ್ನು ಮೇಲಕ್ಕೆತ್ತಿದರು. ಎಷ್ಟೋ ಘಟಕಗಳ ವಿವರ ಮೊಟಕಾಯಿತು. 2009ರಲ್ಲಿ ಅಲ್ಲಿನ ಸಂಸತ್ತು ಹಳೆಯ ಮಿತಿಯನ್ನು ವಾಪಸ್ ತಂದಿತು. ನಡುವಿನ ಆ ವರ್ಷಗಳ ಗೆರೆ ನೋಡಿ ಮಾಲಿನ್ಯ ಇಳಿಯಿತು ಅಂತ ಬರೆದರೆ ದೊಡ್ಡ ಎಡವಟ್ಟು.

ಕಾನೂನು ವಿದ್ಯಾರ್ಥಿ:
ಮೇಷ್ಟ್ರೇ, ಓದುವ ವಿಧಾನ ಸರಿ. ಆದರೆ ಅಂಕಿಯೇ ಸುಳ್ಳಾದರೆ? ಬರೆಯುವವರು ಕಂಪನಿಯವರೇ ತಾನೇ. ಹೊರಗಿನ ಆಡಿಟರ್ ಬಂದರೂ ಅವರಿಗೆ ಸಂಬಳ ಕೊಡುವುದು ಕಂಪನಿಯೇ.

ಅಂಕಿ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಇದಕ್ಕೆ ನೇರ ಉತ್ತರ ಕೊಟ್ಟ ಪ್ರಯೋಗ ಗುಜರಾತ್‌ನಲ್ಲಿ ನಡೆದಿದೆ. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಸೇರಿ ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. ಮೊದಲಿದ್ದ ಪದ್ಧತಿಯಲ್ಲಿ ಕಾರ್ಖಾನೆಯೇ ಆಡಿಟರ್‌ನನ್ನು ಆರಿಸಿ, ಅದೇ ಹಣ ಕೊಡುತ್ತಿತ್ತು. ಅಂಥ ವರದಿಗಳಲ್ಲಿ ಅಂಕಿಗಳೆಲ್ಲ ಮಿತಿಗಿಂತ ಸ್ವಲ್ಪವೇ ಕೆಳಗೆ ಗುಂಪುಗುಂಪಾಗಿ ಬಂದು ಕೂತಿದ್ದವು. ನಿಜವಾದ ಮಾಲಿನ್ಯ ಅಳೆದು ನೋಡಿದರೆ ಹಾಗಿರಲೇ ಇಲ್ಲ.

ಅವರು ಕೆಲವು ಕಾರ್ಖಾನೆಗಳಲ್ಲಿ ಪದ್ಧತಿ ಬದಲಿಸಿದರು. ಆಡಿಟರ್ ಯಾರು ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರವಾಯಿತು. ಹಣ ಒಂದು ಸಾಮಾನ್ಯ ನಿಧಿಯಿಂದ ಬಂತು. ಕೆಲವು ಅಳತೆಗಳನ್ನು ಬೇರೆಯವರು ಹೋಗಿ ಮತ್ತೆ ಪರೀಕ್ಷಿಸಿದರು. ಆಡಿಟರ್‌ಗಳು ನಿಜ ಬರೆಯತೊಡಗಿದರು. ಅದಕ್ಕಿಂತ ಮುಖ್ಯವಾಗಿ, ಆ ಕಾರ್ಖಾನೆಗಳು ಮಾಲಿನ್ಯವನ್ನೂ ಇಳಿಸಿದವು. ಅಳೆಯುವವರ ಸಂಬಳ ಯಾರ ಕೈಯಿಂದ ಬರುತ್ತದೆ ಅನ್ನುವುದು ಯಂತ್ರ ಎಷ್ಟು ಒಳ್ಳೆಯದು ಅನ್ನುವಷ್ಟೇ ಮುಖ್ಯ.

ಅಳೆಯುವ ದಿನ ಮೊದಲೇ ಗೊತ್ತಿದ್ದರೂ ಕಷ್ಟ. ಅಮೆರಿಕದಲ್ಲಿ ಗಾಳಿಯ ದೂಳು ಅಳೆಯುವ ಕೆಲವು ಕೇಂದ್ರಗಳು 6 ದಿನಕ್ಕೊಮ್ಮೆ ಮಾತ್ರ ಕೆಲಸ ಮಾಡುತ್ತವೆ, ಆ ಕ್ಯಾಲೆಂಡರ್ ಎಲ್ಲರಿಗೂ ಗೊತ್ತು. ಉಪಗ್ರಹದ ಮಾಹಿತಿ ಹಿಡಿದು ನೋಡಿದ ಎರಿಕ್ ಝೌ ಅವರ 2021ರ ಅಧ್ಯಯನದಲ್ಲಿ, ಅಳೆಯದ ದಿನಗಳಲ್ಲಿ ಗಾಳಿ ಹೆಚ್ಚು ಕೊಳಕಾಗಿರುವುದು ಕಂಡುಬಂತು.

ಹೊಸ ಓದುಗಿ:
ಇದನ್ನು ಓದಿ ಸಿಟ್ಟೇ ಬಂತು. ಹಾಗಾದರೆ ಗೇಟಿನ ಹೊರಗಿನಿಂದಲೇ ಅಳೆಯಲು ಆಗುವುದಿಲ್ವಾ?

ಪ್ರೊಸೆಸ್ ಎಂಜಿನಿಯರ್:
ಆಗುತ್ತದೆ. ನನಗೆ ತುಂಬಾ ಇಷ್ಟವಾದ ಉದಾಹರಣೆ ರಿಫೈನರಿಗಳ ಬೇಲಿಯದು. ಅಮೆರಿಕದ 2015ರ ನಿಯಮದ ಪ್ರಕಾರ ರಿಫೈನರಿಯ ಗಡಿಯ ಉದ್ದಕ್ಕೂ ಸಣ್ಣ ಲೋಹದ ಕೊಳವೆಗಳನ್ನು ನೇತುಹಾಕಬೇಕು. ಬೆರಳಿನಷ್ಟು ಉದ್ದ, ಒಳಗೆ ಕ್ಯಾನ್ಸರ್ ತರುವ ಬೆಂಜೀನ್ ಆವಿಯನ್ನು ಹೀರಿಕೊಳ್ಳುವ ಪುಡಿ, ಮಳೆ ಬೀಳದ ಹಾಗೆ ಮೇಲೊಂದು ಮುಚ್ಚಳ. ಪಂಪ್ ಇಲ್ಲ, ಕರೆಂಟ್ ಬೇಡ. 14 ದಿನ ಬಿಟ್ಟು ತೆಗೆದು ಲ್ಯಾಬಿಗೆ ಕಳಿಸಿ ಹೊಸದು ಹಾಕುತ್ತಾರೆ. ಒಂದೊಂದು ಅವಧಿಯಲ್ಲೂ ಅತಿ ಹೆಚ್ಚು ಬಂದ ಕೊಳವೆಯ ಅಂಕಿಯಿಂದ ಅತಿ ಕಡಿಮೆ ಬಂದದ್ದನ್ನು ಕಳೆಯುತ್ತಾರೆ. ರಸ್ತೆಯ ಕಡೆಯಿಂದ, ಪಕ್ಕದ ಘಟಕದಿಂದ ಬೀಸಿ ಬಂದ ಬೆಂಜೀನ್ ಬಹುಮಟ್ಟಿಗೆ ಹೀಗೆ ಕಳೆದುಹೋಗುತ್ತದೆ. ವರ್ಷದ ಸರಾಸರಿ ಘನ ಮೀಟರಿಗೆ 9 ಮೈಕ್ರೋಗ್ರಾಂ ದಾಟಿದರೆ ಕಂಪನಿ ಮೂಲ ಕಾರಣ ಹುಡುಕಿ ಸರಿಪಡಿಸಲೇಬೇಕು. ಅಂಕಿಗಳು ಸಾರ್ವಜನಿಕವಾಗಿ ಸಿಗುತ್ತವೆ.

ಚಿಮಣಿಯ ಲೆಕ್ಕದಲ್ಲಿ ಎಂದೂ ಕಾಣದ ಟ್ಯಾಂಕಿನ ಸೋರಿಕೆ ಇಲ್ಲಿ ಸಿಕ್ಕಿಬೀಳುತ್ತದೆ. ಕಾಗದದ ಲೆಕ್ಕ ಒಂದು ಹೇಳಿ, ಬೇಲಿಯ ಕೊಳವೆ ಇನ್ನೊಂದು ಹೇಳಿದರೆ ನಾನು ಕೊಳವೆಯನ್ನು ನಂಬುತ್ತೇನೆ.

ಮೇಲಿನ ನೋಟ:
ಉಪಗ್ರಹಗಳ ಬಗ್ಗೆ ಎರಡು ಮಾತು. ಯುರೋಪಿನ ಸೆಂಟಿನೆಲ್-5ಪಿ 2017ರ ಅಕ್ಟೋಬರ್‌ನಲ್ಲಿ ಹಾರಿತು. ಅದರ ಟ್ರೋಪೋಮಿ ಉಪಕರಣ ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಮೀಥೇನ್ ಎಲ್ಲ ನೋಡುತ್ತದೆ, ಮಾಹಿತಿ ಉಚಿತ. ಆದರೆ ಅದರ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಹಲವು ಕಿಲೋಮೀಟರ್. ಪಕ್ಕಪಕ್ಕದ ಎರಡು ಕಾರ್ಖಾನೆಗಳಲ್ಲಿ ಯಾವುದು ಅಂತ ಅದರಿಂದ ಹೇಳಲಾಗದು. ಜಿಎಚ್‌ಜಿಸ್ಯಾಟ್ ಥರದ ಸಣ್ಣ ಉಪಗ್ರಹಗಳು ಮೀಥೇನ್ ಸೋರುವ ಜಾಗವನ್ನೇ ಹತ್ತಿರದಿಂದ ಗುರುತಿಸುತ್ತವೆ. ಮೋಡ ಬಂದರೆ ಎಲ್ಲವೂ ಕುರುಡು. ನೀರಿಗೆ ಬಿಟ್ಟ ಕ್ರೋಮಿಯಂ ಇವುಗಳಿಗೆ ಕಾಣುವುದೇ ಇಲ್ಲ. ಹೇಳಿದ ಲೆಕ್ಕವನ್ನು ತಾಳೆ ನೋಡಲು ಉಪಗ್ರಹ ಬಹಳ ಒಳ್ಳೆಯದು. ಲೆಕ್ಕ ಬರೆಯುವ ಕೆಲಸವನ್ನೇ ಅದಕ್ಕೆ ಬಿಟ್ಟರೆ ಆಗದು.

ನಡುದಾರಿ:
ಸರಿ, ದೊಡ್ಡವರ ಮಾತಾಯಿತು. ನನ್ನ ಹಳೆಯ ಪ್ರಶ್ನೆ ಹಾಗೇ ಇದೆ. ಸಣ್ಣ ಸಣ್ಣ ಘಟಕಗಳು, ವಾಹನಗಳು, ಹೊಲಕ್ಕೆ ಹೊಡೆಯುವ ಔಷಧಿ? ಇವನ್ನೆಲ್ಲ ಬಿಟ್ಟು ದೊಡ್ಡ ಕಾರ್ಖಾನೆಯ ಹೆಸರು ಮಾತ್ರ ಹಾಕಿದರೆ ಚಿತ್ರ ಪೂರ್ತಿ ಆಗುತ್ತದಾ?

ತೆರೆದ ಲೆಕ್ಕ:
ಜಪಾನ್ ಇದಕ್ಕೆ ಒಂದು ದಾರಿ ಮಾಡಿಕೊಂಡಿದೆ. 1999ರ ಅವರ ಕಾನೂನಿನ ಪ್ರಕಾರ ಮಿತಿ ದಾಟಿದ ಘಟಕಗಳು ತಾವೇ ಲೆಕ್ಕ ಕೊಡುತ್ತವೆ. ಮಿತಿಯ ಕೆಳಗಿನ ಘಟಕಗಳು, ವಾಹನಗಳು, ಮನೆಗಳು, ಕೃಷಿ ಇವುಗಳ ಅಂದಾಜನ್ನು ಸರ್ಕಾರವೇ ಮಾಡಿ ಪಕ್ಕದಲ್ಲಿ ಪ್ರಕಟಿಸುತ್ತದೆ. ಸಣ್ಣವರ ಮೇಲೆ ಫಾರಂನ ಹೊರೆ ಬೀಳುವುದಿಲ್ಲ. ಯಾವ ರಾಸಾಯನಿಕ ಹೆಚ್ಚಾಗಿ ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿಯುತ್ತದೆ. ನಡುದಾರಿ ಅವರ ಕಳಕಳಿಗೆ ಇದು ನ್ಯಾಯವಾದ ಉತ್ತರ ಅಂತ ನನಗೆ ಅನಿಸುತ್ತದೆ.

ನಡುದಾರಿ:
ಇದು ಒಪ್ಪುವ ಮಾತು. ಹೀಗಿದ್ದರೆ ನನ್ನ ತಕರಾರಿಲ್ಲ.

ಕಾನೂನು ವಿದ್ಯಾರ್ಥಿ:
ಇಷ್ಟೊಂದು ಕಾಲಂ ಸಾಮಾನ್ಯ ಜನ ಓದುತ್ತಾರಾ ಅನ್ನುವುದು ನನ್ನ ಚಿಂತೆ. ಇಂಡೋನೇಷ್ಯಾ 1995ರಲ್ಲಿ ಪ್ರೋಪರ್ ಅಂತ ಶುರುಮಾಡಿತು. ಕಾರ್ಖಾನೆಗಳಿಗೆ ಬರೀ ಬಣ್ಣ: ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು. ಮೊದಲು ಒಳ್ಳೆಯವರ ಹೆಸರು ಮಾತ್ರ ಹೇಳಿದರು. ಉಳಿದವರಿಗೆ ಆ ವರ್ಷದ ಕೊನೆಯವರೆಗೆ ಸಮಯ ಕೊಟ್ಟು, ಅಷ್ಟರಲ್ಲಿ ಸರಿಮಾಡಿಕೊಳ್ಳಿ ಅಂದರು. ಹೆಸರು ಬರುವ ಮುಂಚೆಯೇ ಹಲವರು ಸರಿಮಾಡಿಕೊಂಡರು. ಬಣ್ಣ ಎಲ್ಲರಿಗೂ ಅರ್ಥವಾಗುತ್ತದೆ.

ಅಂಕಿ ಮೇಷ್ಟ್ರು:
ಬಣ್ಣ ಬೇಡ ಅನ್ನುವುದಿಲ್ಲ. ಆದರೆ ಬಣ್ಣ ಅಂದರೆ ಇನ್ನೊಬ್ಬರ ತೀರ್ಪು. ಹಸಿರು ಕೊಟ್ಟವರು ಏನನ್ನು ನೋಡಿ ಕೊಟ್ಟರು ಅಂತ ತಾಳೆ ನೋಡಲು ಕೆಜಿ ಲೆಕ್ಕ ಪಕ್ಕದಲ್ಲೇ ಇರಬೇಕು. ನೂರು ಜನರಲ್ಲಿ ತೊಂಬತ್ತೈದು ಜನ ಬಣ್ಣ ನೋಡಿ ಹೋಗಲಿ, ಪರವಾಗಿಲ್ಲ. ಉಳಿದ ಐದು ಜನ ಕೂತು ಲೆಕ್ಕ ನೋಡಿದರೆ ಸಾಕು. ಪತ್ರಕರ್ತರು, ಡಾಕ್ಟರುಗಳು, ಸಂಶೋಧಕರು ಆ ಐದರಲ್ಲಿ ಇರುತ್ತಾರೆ.

ಹೊಸ ಓದುಗಿ:
ಇಂಥ ರಿಜಿಸ್ಟರ್ ಇಲ್ಲದ ಕಡೆ ಇರುವವರು ಏನು ಮಾಡಬೇಕು? ಕಾಯುತ್ತಾ ಕೂರಬೇಕಾ?

ಪ್ರೊಸೆಸ್ ಎಂಜಿನಿಯರ್:
ಕಾಯಬೇಡಿ. ವಾಸನೆ ಬಂದ ದಿನಾಂಕ, ಗಂಟೆ, ಎಷ್ಟು ಹೊತ್ತು ಇತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಇಷ್ಟನ್ನು ಬರೆದಿಡಿ. ನಾಲ್ಕೈದು ಮನೆಯವರು ಬೇರೆ ಬೇರೆಯಾಗಿ ಬರೆದರೆ ಇನ್ನೂ ಒಳ್ಳೆಯದು. ಗಾಳಿಯ ದಿಕ್ಕಿನ ಜೊತೆ ಇಟ್ಟು ನೋಡಿದಾಗ ಮೂಲದ ಕಡೆಗೆ ಗೆರೆ ಎಳೆಯಲು ಆಗುತ್ತದೆ. ಸುಮ್ನೆ ಕೆಟ್ಟ ವಾಸನೆ ಅಂತ ದೂರು ಕೊಟ್ಟರೆ ಅಧಿಕಾರಿ ಬರುವಷ್ಟರಲ್ಲಿ ಅದು ಹೋಗಿರುತ್ತದೆ.

1995ರಲ್ಲಿ ಕ್ಯಾಲಿಫೋರ್ನಿಯಾದ ರಿಫೈನರಿಗಳ ಪಕ್ಕದ ಜನ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ವಿಶೇಷ ಚೀಲ ಇಟ್ಟು, ವಾಸನೆ ಬಂದ ಕ್ಷಣದ ಗಾಳಿಯನ್ನೇ ಹಿಡಿದು ಲ್ಯಾಬಿಗೆ ಕಳಿಸಲು ಶುರುಮಾಡಿದರು. ಅದು ಬೇರೆ ದೇಶಗಳಿಗೂ ಹರಡಿತು. ಲ್ಯಾಬಿನ ಖರ್ಚು ಕಡಿಮೆಯಲ್ಲ, ಆದರೆ ಕೈಯಲ್ಲಿ ಬೆಂಜೀನ್ ಅಂತ ಬರೆದ ವರದಿ ಇದ್ದಾಗ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಜೊತೆಗೆ ಕಾರ್ಖಾನೆಯ ಪರವಾನಗಿ ಕೇಳಿ ಪಡೆಯಿರಿ. ಎಷ್ಟು ಬಿಡಬಹುದು ಅನ್ನುವ ಮಿತಿ ಅದರಲ್ಲಿ ಇರುತ್ತದೆ.

ತೆರೆದ ಲೆಕ್ಕ:
ಸರ್, ಕೊನೆಯದಾಗಿ ಒಂದು. ಆಕಸ್ಮಿಕವಾಗಿ ಆದ ಸೋರಿಕೆ ವರ್ಷದ ಲೆಕ್ಕದಲ್ಲಿ ಸೇರುತ್ತಾ? ವರ್ಷ ಪೂರ್ತಿ ನಿಧಾನವಾಗಿ ಹೋದ 2 ಟನ್, ಒಂದೇ ರಾತ್ರಿ ಹೋದ 2 ಟನ್ ಎರಡೂ ಒಂದೇ ಥರ ಕಾಣುತ್ತವಲ್ಲ.

ಪ್ರೊಸೆಸ್ ಎಂಜಿನಿಯರ್:
ಸೇರುತ್ತದೆ, ಆದರೆ ಬೇರೆ ಕಾಲಂನಲ್ಲಿ ತೋರಿಸಬೇಕು. ಯುರೋಪಿನ ರಿಜಿಸ್ಟರ್‌ನಲ್ಲಿ ಒಟ್ಟು ಬಿಡುಗಡೆಯ ಪಕ್ಕ ಆಕಸ್ಮಿಕವಾಗಿ ಹೋದದ್ದು ಎಷ್ಟು ಅಂತ ಪ್ರತ್ಯೇಕವಾಗಿ ಇರುತ್ತದೆ. ಟಿಆರ್‌ಐ ಫಾರಂನಲ್ಲೂ ಒಂದೇ ಸಲದ ಘಟನೆಗಳಿಗೆ ಬೇರೆ ಜಾಗ ಇದೆ. ಆದರೂ ಯಾವ ದಿನ, ಎಷ್ಟು ಗಂಟೆ ಅನ್ನುವುದು ವರ್ಷದ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ಘಟನೆ ಆದ ಕೂಡಲೇ ಕೊಡುವ ವರದಿ ಬೇರೆಯೇ ಇರಬೇಕು, ಅದೂ ಸಾರ್ವಜನಿಕವಾಗಿರಬೇಕು. ಎರಡನ್ನೂ ಒಂದೇ ಘಟಕ ಸಂಖ್ಯೆಯ ಕೆಳಗೆ ಜೋಡಿಸಿದರೆ ಯಾರು ಬೇಕಾದರೂ ತಾಳೆ ನೋಡಬಹುದು. ನೀವು ಕೇಳುತ್ತಿರುವ ದಾಖಲೆಯ ಕರಡಿನಲ್ಲಿ ಈ ಜೋಡಣೆಯನ್ನು ಮರೆಯದೆ ಸೇರಿಸಿ. ಇದನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ, ಏಕೆಂದರೆ ಎರಡು ಇಲಾಖೆಗಳು ಅಷ್ಟರಲ್ಲಿ ಒಂದೇ ಕಾರ್ಖಾನೆಗೆ ಎರಡು ಬೇರೆ ಬೇರೆ ನಂಬರ್ ಕೊಟ್ಟಿರುತ್ತವೆ.